ಸ್ಕ್ರೂ ತಯಾರಕರೊಬ್ಬರು ಮೇಯರ್ ಆದಾಗ

ನಮ್ಮ ನಾಡಿನಲ್ಲಿ ನೂತನ ಮಹಾಪೌರರು ಆಯ್ಕೆಯಾದ ವಾರದೊಳಗೆ ಸನ್ಮಾನ ಸಮಾರಂಭಗಳು ಆರಂಭವಾಗುತ್ತವೆ. ಶಾಲು, ಹಾರ, ಫಲತಾಂಬೂಲ, ಸ್ಮರಣಿಕೆ ಇವೆಲ್ಲವೂ ಅವರ ಕೈಸೇರುವುದು ಅವರು ಕಚೇರಿಯ ಕಡತಗಳನ್ನು ಬಿಚ್ಚುವ ಮೊದಲೇ. ವಾಣಿಜ್ಯ ಸಂಸ್ಥೆಗಳಾದ ನಾವೂ ಈ ಪದ್ಧತಿಗೆ ಹೊರತಲ್ಲ. ಸೌಜನ್ಯದ ದೃಷ್ಟಿಯಿಂದ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ವ್ಯಾಪಾರಿಯಾದವನು ಸರಕು ಕೈಸೇರುವ ಮೊದಲು ಪೂರ್ಣ ಹಣವನ್ನು ಪಾವತಿ ಮಾಡುವುದಿಲ್ಲ. ನಗರಾಡಳಿತದ ವಿಷಯದಲ್ಲಿ ಮಾತ್ರ ನಾವು ಗೌರವವೆಂಬ ಬೆಲೆಯನ್ನು ಮುಂಗಡವಾಗಿ ತೆತ್ತು, ಅನಂತರ ಸರಕಿಗಾಗಿ ವರ್ಷಗಟ್ಟಲೆ ಕಾಯುತ್ತೇವೆ. ಸನ್ಮಾನವು ಯಾವಾಗ ಸಲ್ಲಬೇಕು, ಯಾವುದಕ್ಕೆ ಸಲ್ಲಬೇಕು ಎಂಬ ಪ್ರಶ್ನೆಯನ್ನು ಚರ್ಚಿಸಲು ನಮ್ಮಂತೆಯೇ ಉದ್ಯಮಿಯಾಗಿದ್ದ ಒಬ್ಬ ಮೇಯರರ ಬದುಕು ಸೂಕ್ತವಾದ ಉದಾಹರಣೆಯಾಗಿದೆ. ಅವರೇ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಜೋಸೆಫ್ ಚೇಂಬರ್ಲೇನ್.

ಹಾರ್ಡ್‌ವೇರ್ ವ್ಯಾಪಾರದಲ್ಲಿರುವ ನಮ್ಮ ಹಿರಿಯ ಸದಸ್ಯರಿಗೆ ಈ ಹೆಸರು ಅಪರಿಚಿತವಾಗಿದ್ದರೂ, ಅವರ ಕಾರ್ಖಾನೆಯ ಹೆಸರು ಅಪರಿಚಿತವಲ್ಲ. ಮರಗೆಲಸದ 'ನೆಟಲ್‌ಫೋಲ್ಡ್' ಸ್ಕ್ರೂಗಳನ್ನು ನಮ್ಮ ಅಂಗಡಿಗಳಲ್ಲಿ ದಶಕಗಳ ಕಾಲ ಮಾರಿದವರಿದ್ದಾರೆ. ಅವನ್ನು ಇಲ್ಲಿ ತಯಾರಿಸಿದ ಜಿ.ಕೆ.ಡಬ್ಲ್ಯು., ಅಂದರೆ ಗೆಸ್ಟ್ ಕೀನ್ ವಿಲಿಯಮ್ಸ್ ಕಂಪನಿಯ ಮೂಲವನ್ನು ಹುಡುಕಿಕೊಂಡು ಹೋದರೆ ಗೆಸ್ಟ್, ಕೀನ್ ಅಂಡ್ ನೆಟಲ್‌ಫೋಲ್ಡ್ಸ್ ಎಂಬ ಬ್ರಿಟಿಷ್ ಸಂಸ್ಥೆಯೂ, ಅದರಾಚೆಗೆ 'ನೆಟಲ್‌ಫೋಲ್ಡ್ ಅಂಡ್ ಚೇಂಬರ್ಲೇನ್' ಎಂಬ ಬರ್ಮಿಂಗ್‌ಹ್ಯಾಮಿನ ಸ್ಕ್ರೂ ಕಾರ್ಖಾನೆಯೂ ಸಿಗುತ್ತವೆ.

ಕಾರ್ಖಾನೆಯಿಂದ ಪುರಸಭೆಗೆ

ಚೇಂಬರ್ಲೇನ್ ಜನಿಸಿದ್ದು 1836ರಲ್ಲಿ, ಲಂಡನ್ನಿನಲ್ಲಿ. ತಂದೆ ಪಾದರಕ್ಷೆಗಳ ತಯಾರಕರು. ಹದಿನಾರನೆಯ ವಯಸ್ಸಿಗೆ ಓದನ್ನು ಮುಗಿಸಿ ಮನೆಯ ಉದ್ಯಮಕ್ಕೆ ಸೇರಿದ ಹುಡುಗನನ್ನು ತಂದೆ 1854ರಲ್ಲಿ ಬರ್ಮಿಂಗ್‌ಹ್ಯಾಮಿಗೆ ಕಳುಹಿಸಿದರು. ಅಲ್ಲಿ ಬಂಧುವಾದ ನೆಟಲ್‌ಫೋಲ್ಡ್ ಅವರು ತುದಿ ಚೂಪಾದ ಸ್ಕ್ರೂಗಳನ್ನು ತಯಾರಿಸುವ ಅಮೆರಿಕದ ಯಂತ್ರದ ಪೇಟೆಂಟ್ ಹಕ್ಕನ್ನು ಪಡೆದಿದ್ದರು. ಆ ದೊಡ್ಡ ಬಂಡವಾಳದಲ್ಲಿ ಚೇಂಬರ್ಲೇನ್ ಕುಟುಂಬದ ಪಾಲೂ ಇತ್ತು. ಯುವಕ ಚೇಂಬರ್ಲೇನ್ ಲೆಕ್ಕಪತ್ರ ಮತ್ತು ಮಾರಾಟದ ಹೊಣೆ ಹೊತ್ತು, ಮುಂದಿನ ಎರಡು ದಶಕಗಳಲ್ಲಿ ಕಂಪನಿಯನ್ನು ಆ ದೇಶದ ಅಗ್ರ ಸ್ಕ್ರೂ ತಯಾರಕ ಸಂಸ್ಥೆಯಾಗಿ ಬೆಳೆಸಿದರು. ಇಂಗ್ಲೆಂಡಿನಲ್ಲಿ ತಯಾರಾಗುತ್ತಿದ್ದ ಲೋಹದ ಸ್ಕ್ರೂಗಳಲ್ಲಿ ಸುಮಾರು ಮೂರನೆಯ ಎರಡು ಭಾಗ ಅವರ ಕಾರ್ಖಾನೆಯದಾಗಿತ್ತು.

ಈ ಬೆಳವಣಿಗೆಯ ಇನ್ನೊಂದು ಮುಖವನ್ನು ಸಣ್ಣ ಕೈಗಾರಿಕೆಯವರಾದ ನಾವು ಮರೆಯಬಾರದು. ಹೊಸ ಯಂತ್ರದ ವೇಗಕ್ಕೂ ಬೆಲೆಗೂ ಎದುರು ನಿಲ್ಲಲಾಗದೆ ಆ ಊರಿನ ಅನೇಕ ಸಣ್ಣ ಸ್ಕ್ರೂ ತಯಾರಕರು ಬಾಗಿಲು ಮುಚ್ಚಿದರು ಅಥವಾ ತಮ್ಮ ಘಟಕಗಳನ್ನು ಮಾರಿಕೊಂಡರು. ಚೇಂಬರ್ಲೇನ್ ಕರುಣಾಳು ಪ್ರತಿಸ್ಪರ್ಧಿಯಾಗಿದ್ದರೆಂದು ಯಾರೂ ಹೇಳಲಾರರು. ಆದರೂ ಅದೇ ಕಠಿಣ ವ್ಯಾಪಾರಿ ಬುದ್ಧಿ ಊರಿನ ಪಾಲಿಗೆ ತಿರುಗಿದಾಗ ಏನಾಯಿತು ಎಂಬುದೇ ಇಲ್ಲಿ ವಿಚಾರಾರ್ಹ.

ಅಂದಿನ ಬರ್ಮಿಂಗ್‌ಹ್ಯಾಮ್ ಮೂರು ಲಕ್ಷಕ್ಕೂ ಮಿಕ್ಕಿದ ಜನಸಂಖ್ಯೆಯ, ಬಂದೂಕು, ಗುಂಡಿ, ಪೆನ್ನಿನ ಮುಳ್ಳು, ಒಡವೆ, ಹಿತ್ತಾಳೆ ಸಾಮಾನುಗಳನ್ನು ಸಾವಿರಾರು ಸಣ್ಣ ಕಾರ್ಯಾಗಾರಗಳಲ್ಲಿ ತಯಾರಿಸುತ್ತಿದ್ದ ಊರು. ಅದರ ಪುರಸಭೆಯಾದರೋ 1850ರ ದಶಕದಲ್ಲಿ 'ಮಿತವ್ಯಯಿ'ಗಳೆಂದು ಕರೆಸಿಕೊಂಡ ಗುಂಪೊಂದರ ಕೈಯಲ್ಲಿತ್ತು. ತೆರಿಗೆ ಏರಿಸಬಾರದು, ಆದ್ದರಿಂದ ಏನನ್ನೂ ಮಾಡಬಾರದು ಎಂಬುದೇ ಅವರ ನೀತಿ. ಪುರಸಭೆಯ ತೀರ್ಮಾನಗಳು ಪಾನಗೃಹವೊಂದರಲ್ಲಿ ಮೊದಲೇ ಸಿದ್ಧವಾಗುತ್ತಿದ್ದವು. ಊರಿನ ದೊಡ್ಡ ಉದ್ಯಮಿಗಳು ಪುರಸಭೆಯ ಸದಸ್ಯತ್ವವನ್ನು ತಮ್ಮ ಅಂತಸ್ತಿಗೆ ತಕ್ಕುದಲ್ಲವೆಂದು ದೂರವಿಟ್ಟಿದ್ದರು. ಈ ಮನೋಭಾವವನ್ನು ಬದಲಿಸಿದವರಲ್ಲಿ ಜಾರ್ಜ್ ಡಾಸನ್, ಆರ್. ಡಬ್ಲ್ಯು. ಡೇಲ್ ಎಂಬ ಧರ್ಮೋಪದೇಶಕರು ಪ್ರಮುಖರು. ಊರಿನಲ್ಲಿ ಸಂಪತ್ತು ಗಳಿಸಿದವನಿಗೆ ಊರಿನ ಚರಂಡಿ, ನೀರು, ಶಾಲೆಗಳ ಹೊಣೆಯೂ ಇದೆ ಎಂದು ಅವರು ತಮ್ಮ ಸಭೆಗಳಲ್ಲಿ ಬೋಧಿಸಿದರು. ಆ ಕರೆಗೆ ಓಗೊಟ್ಟು ಪುರಸಭೆಗೆ ಬಂದ ಉದ್ಯಮಿಗಳಲ್ಲಿ ಚೇಂಬರ್ಲೇನ್ ಒಬ್ಬರು. 1869ರಲ್ಲಿ ಸದಸ್ಯರಾಗಿ, 1873ರ ನವೆಂಬರಿನಲ್ಲಿ ಮೇಯರ್ ಆಗಿ ಆಯ್ಕೆಯಾದರು. ಮರುವರ್ಷ ತಮ್ಮ 38ನೆಯ ವಯಸ್ಸಿನಲ್ಲಿ ಕಾರ್ಖಾನೆಯ ಪಾಲನ್ನು ಮಾರಿ ಉದ್ಯಮದಿಂದ ನಿವೃತ್ತರಾದರು. 1876ರ ಜೂನ್‌ನಲ್ಲಿ ಸಂಸತ್ ಸದಸ್ಯರಾಗುವವರೆಗೂ ಮೇಯರ್ ಸ್ಥಾನದಲ್ಲಿದ್ದರು.

ಒಂದು ವರ್ಷದ ಪದವಿ, ಮೂರು ಕಾರ್ಯಗಳು

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಬರ್ಮಿಂಗ್‌ಹ್ಯಾಮಿನ ಮೇಯರ್ ಪದವಿಯೂ ನಮ್ಮಲ್ಲಿಯಂತೆ ಒಂದೇ ವರ್ಷದ್ದು. ಸದಸ್ಯರು ತಮ್ಮೊಳಗೊಬ್ಬರನ್ನು ಆರಿಸುತ್ತಿದ್ದರು. ಚೇಂಬರ್ಲೇನ್ ಮೂರು ಬಾರಿ ಆಯ್ಕೆಯಾದರೂ ಒಟ್ಟು ಅವಧಿ ಮೂರು ವರ್ಷವನ್ನೂ ತುಂಬಲಿಲ್ಲ. ಆ ಅವಧಿಯಲ್ಲಿ ಅವರು ಕೈಗೆತ್ತಿಕೊಂಡದ್ದು ನೂರು ಕಾರ್ಯಗಳನ್ನಲ್ಲ, ಮೂರನ್ನು ಮಾತ್ರ.

ಮೊದಲನೆಯದು ಅನಿಲ ಪೂರೈಕೆ. ಕಲ್ಲಿದ್ದಲಿನಿಂದ ತಯಾರಾಗುತ್ತಿದ್ದ ಅನಿಲವೇ ಆಗ ಬೀದಿದೀಪಕ್ಕೂ, ಮನೆಯ ದೀಪಕ್ಕೂ, ಅಕ್ಕಸಾಲಿಗರ ಬೆಸುಗೆಗೂ ಆಧಾರ. ಎರಡು ಖಾಸಗಿ ಕಂಪನಿಗಳು ಪೈಪೋಟಿಯಿಂದ ಬೀದಿಗಳನ್ನು ಅಗೆದು ತಮ್ಮ ತಮ್ಮ ಕೊಳವೆಗಳನ್ನು ಹೂಳುತ್ತಿದ್ದವು. ಚೇಂಬರ್ಲೇನ್ ಎರಡನ್ನೂ ಪುರಸಭೆಯೇ ಕೊಂಡುಕೊಳ್ಳಬೇಕೆಂದು ವಾದಿಸಿದರು. ಸುಮಾರು 19.5 ಲಕ್ಷ ಪೌಂಡ್ ಸಾಲದ ಹೊರೆಯನ್ನು ಕಂಡು ಹೆದರಿದವರಿದ್ದರು. ಅವರು ಉತ್ತರ ಕೊಟ್ಟದ್ದು ಉದ್ಯಮಿಯ ಭಾಷೆಯಲ್ಲಿ: ಖಾಯಂ ಗಿರಾಕಿಗಳಿರುವ, ಬೇಡಿಕೆ ಬೆಳೆಯುತ್ತಿರುವ ವ್ಯವಹಾರವನ್ನು ಕಡಿಮೆ ಬಡ್ಡಿಯ ಸಾಲದಿಂದ ಕೊಂಡರೆ ಅದು ಹೊರೆಯಲ್ಲ, ಆಸ್ತಿ. 1875ರಲ್ಲಿ ಸಂಸತ್ತಿನ ಕಾಯಿದೆಯ ಮೂಲಕ ಖರೀದಿ ನೆರವೇರಿತು. ಮೊದಲ ವರ್ಷವೇ 34,000 ಪೌಂಡ್ ಲಾಭ ಬಂದಿತು. ಮುಂದೆ ಅನಿಲದ ದರವನ್ನೂ ಇಳಿಸಲಾಯಿತು.

ಎರಡನೆಯದು ನೀರು. ಊರಿನ ಬಹುಪಾಲು ಬಡಜನರು ಬಾವಿಗಳನ್ನೇ ನೆಚ್ಚಿದ್ದರು, ಆ ಬಾವಿಗಳಾದರೋ ಚರಂಡಿಯ ಕೊಳಕಿನಿಂದ ಕೆಟ್ಟಿದ್ದವು. ನೀರಿನ ಕಂಪನಿಯನ್ನು 13.5 ಲಕ್ಷ ಪೌಂಡ್‌ಗಳಿಗೆ ಪುರಸಭೆ ಕೊಂಡು, 1876ರ ಆರಂಭದಲ್ಲಿ ವಹಿಸಿಕೊಂಡಿತು. ಇಲ್ಲಿ ಚೇಂಬರ್ಲೇನ್ ಇಟ್ಟ ನಿಯಮ ಅನಿಲದ ನಿಯಮಕ್ಕೆ ತದ್ವಿರುದ್ಧ. ಅನಿಲದಿಂದ ಲಾಭ ಬರಲಿ, ಅದು ತೆರಿಗೆದಾರನ ಹೊರೆಯನ್ನು ತಗ್ಗಿಸಲಿ. ನೀರಿನಿಂದ ಮಾತ್ರ ಲಾಭ ಮಾಡಬಾರದು, ಹೆಚ್ಚುವರಿ ಉಳಿದರೆ ದರ ಇಳಿಯಬೇಕು ಎಂಬುದು ಅವರ ನಿಲುವು. ಯಾವುದು ವ್ಯಾಪಾರ, ಯಾವುದು ಜೀವನಾವಶ್ಯಕ ಎಂಬ ಭೇದವನ್ನು ಇಷ್ಟು ಸ್ಪಷ್ಟವಾಗಿ ಲೆಕ್ಕದ ಪುಸ್ತಕದಲ್ಲಿಯೇ ಬರೆದಿಟ್ಟವರು ವಿರಳ. ಆ ತಳಹದಿಯ ಮೇಲೆಯೇ ಮುಂದಿನ ಪೀಳಿಗೆ ವೇಲ್ಸಿನ ಎಲಾನ್ ಕಣಿವೆಯಿಂದ ಸುಮಾರು 118 ಕಿಲೋಮೀಟರ್ ದೂರಕ್ಕೆ ಗುರುತ್ವಾಕರ್ಷಣೆಯ ಬಲದಿಂದಲೇ ನೀರು ತಂದಿತು. ಆ ಯೋಜನೆ 1904ರಲ್ಲಿ ಉದ್ಘಾಟನೆಯಾಯಿತು.

ಮೂರನೆಯದು ಊರ ನಡುವಿನ ಕೊಳಚೆ ಪ್ರದೇಶದ ಪುನರ್ನಿರ್ಮಾಣ. 1875ರಲ್ಲಿ ಸಂಸತ್ತು ಜಾರಿಗೆ ತಂದ ವಸತಿ ಸುಧಾರಣಾ ಕಾಯಿದೆಯನ್ನು ಬಳಸಿಕೊಂಡು ಸುಮಾರು 50 ಎಕರೆ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳುವ ಯೋಜನೆ ರೂಪುಗೊಂಡಿತು. ಅದಕ್ಕೆ ಚೇಂಬರ್ಲೇನ್ ಸ್ವಂತ ಹಣದಿಂದ 10,000 ಪೌಂಡ್ ನೀಡಿದರು. ಕಾರ್ಪೊರೇಷನ್ ಸ್ಟ್ರೀಟ್ ಎಂಬ ವಿಶಾಲ ವಾಣಿಜ್ಯ ಬೀದಿ ಅಲ್ಲಿ ತಲೆಯೆತ್ತಿತು. ನಿವೇಶನಗಳನ್ನು ಮಾರದೆ 75 ವರ್ಷಗಳ ಗುತ್ತಿಗೆಗೆ ನೀಡಿದ್ದರಿಂದ ಭೂಮಿಯ ಒಡೆತನ ಊರಿನಲ್ಲಿಯೇ ಉಳಿಯಿತು. ಆ ಪ್ರದೇಶದಲ್ಲಿ 1873ರಿಂದ 1875ರ ನಡುವೆ ಸಾವಿರಕ್ಕೆ ಸುಮಾರು 53ರಷ್ಟಿದ್ದ ಮರಣ ಪ್ರಮಾಣ 1879ರಿಂದ 1881ರ ವೇಳೆಗೆ 21ಕ್ಕೆ ಇಳಿಯಿತು.

ಆದರೆ ಈ ಮೂರನೆಯ ಖಾತೆಯಲ್ಲಿ ಬಾಕಿಯೂ ಇದೆ. ತೆರವುಗೊಂಡ ಮನೆಗಳ ಬಡವರಿಗೆ ಪುರಸಭೆಯೇ ಮನೆ ಕಟ್ಟಿಕೊಡುವುದು ದುಬಾರಿಯೆಂದು ತೀರ್ಮಾನವಾಯಿತು. ಕೊಳಚೆ ಹೋಗಿ ಅಂಗಡಿಗಳು ಬಂದವು, ಅಲ್ಲಿದ್ದವರು ಊರಂಚಿಗೆ ಸರಿದರು. ಮರಣ ಪ್ರಮಾಣ ತಗ್ಗಿದ್ದರಲ್ಲಿ ಗಾಳಿ ಬೆಳಕುಗಳ ಪಾಲು ಇದ್ದಂತೆಯೇ, ಬಡವರು ಅಲ್ಲಿಂದ ಹೊರಟುಹೋದದ್ದರ ಪಾಲೂ ಇತ್ತೆಂಬುದನ್ನು ಒಪ್ಪಬೇಕು. ಪೇಟೆ ಬೀದಿಯ ಅಗಲೀಕರಣವನ್ನು ನಮ್ಮಲ್ಲಿ ಸ್ವಾಗತಿಸುವವರೂ ವಿರೋಧಿಸುವವರೂ ಈ ಬಾಕಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಸಂದ ಗೌರವಗಳು

ಈಗ ಸನ್ಮಾನದ ವಿಷಯಕ್ಕೆ ಬರೋಣ. ಚೇಂಬರ್ಲೇನ್ ಅವರ ಸೇವೆಗೆ ಕೃತಜ್ಞತೆಯಾಗಿ ನಾಗರಿಕರು ವಂತಿಗೆ ಸಂಗ್ರಹಿಸಿ ನಿರ್ಮಿಸಿದ ಸ್ಮಾರಕ ಕಾರಂಜಿ 1880ರಲ್ಲಿ, ಅಂದರೆ ಅವರು ಮೇಯರ್ ಪದವಿ ಬಿಟ್ಟ ನಾಲ್ಕು ವರ್ಷಗಳ ಅನಂತರ, ಲೋಕಾರ್ಪಣೆಗೊಂಡಿತು. ಶುದ್ಧ ನೀರು ತಂದವರಿಗೆ ನೀರಿನ ಕಾರಂಜಿಯೇ ಸ್ಮಾರಕವಾದದ್ದು ಅರ್ಥಪೂರ್ಣ. ಅದಿರುವ ಚೌಕಕ್ಕೂ ಅವರದೇ ಹೆಸರು. 1885ರಲ್ಲಿ ತೆರೆದ ನಗರದ ಕಲಾ ಸಂಗ್ರಹಾಲಯದ ಕಥೆ ಇನ್ನೂ ಸ್ವಾರಸ್ಯಕರ. ಕಲೆಗಾಗಿ ತೆರಿಗೆ ಹಣವನ್ನು ಖರ್ಚು ಮಾಡಲು ಕಾನೂನಿನ ಮಿತಿಯಿದ್ದುದರಿಂದ, ಅನಿಲ ಸಮಿತಿಯು ತನ್ನ ಹೊಸ ಕಚೇರಿಯ ಮೇಲಂತಸ್ತಿನಲ್ಲಿ ಕಲಾ ಸಂಗ್ರಹಾಲಯಕ್ಕೆ ಸ್ಥಳ ಒದಗಿಸಿತು. ಕೈಗಾರಿಕೆಯ ಗಳಿಕೆಯಿಂದ ಕಲೆಯ ಪೋಷಣೆಯಾಗುತ್ತದೆಂಬ ಅರ್ಥದ ವಾಕ್ಯವನ್ನು ಅಲ್ಲಿನ ಕಲ್ಲಿನಲ್ಲಿ ಕೆತ್ತಿಸಿದ್ದಾರೆ.

1900ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯಕ್ಕೆ ಸನ್ನದು ದೊರೆತಾಗ ಅದರ ಸ್ಥಾಪನೆಗೆ ಶ್ರಮಿಸಿದ ಚೇಂಬರ್ಲೇನ್ ಅವರೇ ಮೊದಲ ಕುಲಾಧಿಪತಿಗಳಾದರು. ವಾಣಿಜ್ಯಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗವನ್ನು ತೆರೆದು ವಿಲಿಯಂ ಆಶ್ಲಿಯವರನ್ನು ಪ್ರಾಧ್ಯಾಪಕರನ್ನಾಗಿ ನೇಮಿಸಿದ ಕೀರ್ತಿ ಆ ವಿಶ್ವವಿದ್ಯಾನಿಲಯದ್ದು. ಅಲ್ಲಿನ ಸುಮಾರು 100 ಮೀಟರ್ ಎತ್ತರದ ಗಡಿಯಾರ ಗೋಪುರವನ್ನು ಜನ ಇಂದಿಗೂ 'ಓಲ್ಡ್ ಜೋ' ಎಂದೇ ಕರೆಯುತ್ತಾರೆ. ಅಕ್ಕಸಾಲಿಗರ ಪೇಟೆಯಲ್ಲಿಯೂ ಅವರ ಹೆಸರಿನ ಗಡಿಯಾರ ಸ್ತಂಭವಿದೆ. 1906ರ ಜುಲೈನಲ್ಲಿ ಅವರ ಎಪ್ಪತ್ತನೆಯ ಹುಟ್ಟುಹಬ್ಬವನ್ನು ನಗರವೇ ಹಬ್ಬವನ್ನಾಗಿ ಆಚರಿಸಿತು. ಕೆಲವೇ ದಿನಗಳಲ್ಲಿ ಅವರು ಪಾರ್ಶ್ವವಾಯುವಿಗೆ ತುತ್ತಾದರು. 1914ರಲ್ಲಿ ನಿಧನರಾದಾಗ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿಯ ಗೌರವವನ್ನು ಕುಟುಂಬದವರು ವಿನಯದಿಂದ ನಿರಾಕರಿಸಿದರು. ಅವರನ್ನು ಬರ್ಮಿಂಗ್‌ಹ್ಯಾಮಿನ ಕೀ ಹಿಲ್ ಸ್ಮಶಾನದಲ್ಲಿಯೇ ಮಣ್ಣು ಮಾಡಲಾಯಿತು. ಸಾಮ್ರಾಜ್ಯದ ಅತಿ ಪ್ರಭಾವಿ ಮಂತ್ರಿಗಳಲ್ಲೊಬ್ಬರಾಗಿದ್ದರೂ ನೈಟ್ ಬಿರುದಾಗಲಿ, ಪ್ರಭು ಪದವಿಯಾಗಲಿ ಅವರ ಹೆಸರಿಗೆ ಅಂಟಲಿಲ್ಲ. ಕೊನೆಯವರೆಗೂ ಅವರು ಬರಿಯ 'ಮಿಸ್ಟರ್' ಚೇಂಬರ್ಲೇನ್.

ಗೌರವದ ಮಾತಿನೊಂದಿಗೆ ಕಹಿ ಸತ್ಯವನ್ನೂ ಹೇಳಬೇಕು. 1895ರಿಂದ 1903ರವರೆಗೆ ವಸಾಹತು ಮಂತ್ರಿಯಾಗಿದ್ದ ಇದೇ ಚೇಂಬರ್ಲೇನ್ ಸಾಮ್ರಾಜ್ಯಶಾಹಿಯ ಕಟ್ಟಾ ಪ್ರತಿಪಾದಕರು. ದಕ್ಷಿಣ ಆಫ್ರಿಕದ ಬೋಯರ್ ಯುದ್ಧ, ಅಲ್ಲಿನ ಬಂಧನ ಶಿಬಿರಗಳಲ್ಲಿ ಸತ್ತ ಸಾವಿರಾರು ಹೆಂಗಸರು ಮಕ್ಕಳ ನೆನಪು ಅವರ ಹೆಸರಿನೊಂದಿಗೆ ಬೆಸೆದಿದೆ. ವಸಾಹತು ಆಳ್ವಿಕೆಯ ನೋವುಂಡ ನಾಡಿನವರಾದ ನಾವು ಆ ಮಂತ್ರಿಗೆ ತಲೆಬಾಗಬೇಕಿಲ್ಲ. ತನ್ನ ಊರಿನ ಜನರಿಗೆ ಶುದ್ಧ ನೀರಿನ ಹಕ್ಕಿದೆಯೆಂದವರು ದೂರದ ನಾಡುಗಳ ಜನರಿಗೆ ಸ್ವಾತಂತ್ರ್ಯದ ಹಕ್ಕಿದೆಯೆಂದು ಒಪ್ಪಲಿಲ್ಲ. ಆದಕಾರಣ ವ್ಯಕ್ತಿಪೂಜೆಯನ್ನು ಬದಿಗಿಟ್ಟು, ಮೇಯರರ ಮೂರು ವರ್ಷಗಳ ಲೆಕ್ಕವನ್ನಷ್ಟೇ ಬೇರೆಯಾಗಿ ಪರಿಶೀಲಿಸುವುದು ಯುಕ್ತ.

ಪ್ರತಿಮೆಗಳು ಊರನ್ನು ಕಾಯಲಾರವು

ಆ ಲೆಕ್ಕ ಶಾಶ್ವತವಾಗಿ ಉಳಿಯಿತೇ ಎಂದರೆ, ಇಲ್ಲ. ಅನಿಲ ಉದ್ಯಮ 1949ರಲ್ಲಿ ರಾಷ್ಟ್ರೀಕರಣಗೊಂಡಿತು. ನೀರು ಸರಬರಾಜು 1974ರಲ್ಲಿ ಪ್ರಾದೇಶಿಕ ಪ್ರಾಧಿಕಾರಕ್ಕೆ ಹೋಗಿ 1989ರಲ್ಲಿ ಖಾಸಗೀಕರಣವಾಯಿತು. ನಗರಕ್ಕೆ ಸ್ವಂತ ಆದಾಯ ತರುತ್ತಿದ್ದ ಮೂಲಗಳು ಹೀಗೆ ಒಂದೊಂದಾಗಿ ಕೈಬಿಟ್ಟವು. 2023ರ ಸೆಪ್ಟೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್ ನಗರಾಡಳಿತವು, ಅಗತ್ಯ ಸೇವೆಗಳ ಹೊರತು ಹೊಸ ವೆಚ್ಚವನ್ನು ಭರಿಸಲಾರೆನೆಂದು ಅಧಿಕೃತ ಸೂಚನೆ ಹೊರಡಿಸಿತು. ಮಹಿಳಾ ನೌಕರರಿಗೆ ಸಮಾನ ವೇತನ ನೀಡದೆ ಬೆಳೆಸಿಕೊಂಡ ಬಾಧ್ಯತೆ, ವೆಚ್ಚ ಮಿತಿಮೀರಿದ ಗಣಕಯಂತ್ರ ವ್ಯವಸ್ಥೆ, ಕೇಂದ್ರ ಸರಕಾರದ ಅನುದಾನ ಕಡಿತ ಇವು ಅದಕ್ಕೆ ಕಾರಣಗಳೆಂದು ಚರ್ಚೆಯಾದವು. 2024ರಲ್ಲಿ ಅಲ್ಲಿನ ನಾಗರಿಕರ ಮೇಲೆ ಶೇಕಡಾ 10ರಷ್ಟು ತೆರಿಗೆ ಏರಿಕೆ ಬಿದ್ದಿತು. ಚೇಂಬರ್ಲೇನ್ ಚೌಕದ ಕಾರಂಜಿ ಅಲ್ಲಿಯೇ ನಿಂತಿತ್ತು. ಸ್ಮಾರಕ ನಿಂತ ಮಾತ್ರಕ್ಕೆ ಸಂಪ್ರದಾಯ ನಿಲ್ಲುವುದಿಲ್ಲವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ನಮ್ಮ ಪಾಠ

ನಮ್ಮಲ್ಲಿ ನಗರಾಡಳಿತದ ವೈಫಲ್ಯವನ್ನು ಚರ್ಚಿಸುವಾಗ ಮೇಯರ್ ಅವಧಿ ಚಿಕ್ಕದೆಂಬ ಮಾತು ಮೊದಲು ಬರುತ್ತದೆ. 1976ರ ಪೌರ ನಿಗಮಗಳ ಕಾಯಿದೆಯಡಿ ಒಂದು ವರ್ಷದ ಮೇಯರರನ್ನು ಕಂಡವರಿಗೆ ಅದು ಸಹಜ. ಆದರೆ ಬರ್ಮಿಂಗ್‌ಹ್ಯಾಮಿನ ಅನುಭವ ಬೇರೆಯದನ್ನು ಹೇಳುತ್ತದೆ. ಅವಧಿಗಿಂತ ಮುಖ್ಯವಾದದ್ದು, ಮೇಯರರ ಹಿಂದಿರುವ ಸಭೆಗೆ ಏನು ಅಧಿಕಾರವಿದೆ ಎಂಬುದು. ಅಲ್ಲಿನ ಪುರಸಭೆ ಸಾಲ ತರಬಲ್ಲದಾಗಿತ್ತು, ಉದ್ಯಮ ನಡೆಸಬಲ್ಲದಾಗಿತ್ತು, ಭೂಮಿಯನ್ನು ಗುತ್ತಿಗೆಗೆ ಕೊಡಬಲ್ಲದಾಗಿತ್ತು. ಬೆಂಗಳೂರಿನಲ್ಲಾದರೋ ನೀರು 1964ರಿಂದ ಜಲಮಂಡಳಿಯ ಕೈಯಲ್ಲಿ, ಬಡಾವಣೆ ಯೋಜನೆ 1976ರಲ್ಲಿ ಸ್ಥಾಪನೆಯಾದ ಅಭಿವೃದ್ಧಿ ಪ್ರಾಧಿಕಾರದ ಕೈಯಲ್ಲಿ, ಬಸ್ಸು ಮತ್ತು ವಿದ್ಯುತ್ತು ಬೇರೆ ಬೇರೆ ನಿಗಮಗಳ ಕೈಯಲ್ಲಿ ಬೆಳೆದವು. 1992ರ 74ನೆಯ ಸಂವಿಧಾನ ತಿದ್ದುಪಡಿ ಬಂದ ಅನಂತರವೂ ಕಾರ್ಯಾಂಗದ ಅಧಿಕಾರ ಉಳಿದದ್ದು ಆಯುಕ್ತರಲ್ಲಿ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ಐದು ವರ್ಷಕ್ಕೂ ಮಿಕ್ಕಿದ ಕಾಲ ರಾಜಧಾನಿಗೆ ಚುನಾಯಿತ ಮೇಯರರೇ ಇರಲಿಲ್ಲ. 2025ರಲ್ಲಿ ಪಾಲಿಕೆಯನ್ನು ಐದು ನಿಗಮಗಳಾಗಿ ವಿಂಗಡಿಸಲಾಯಿತು. ಮೇಯರರ ಸಂಖ್ಯೆ ಹೆಚ್ಚುವುದರಿಂದ ಅಧಿಕಾರ ಹೆಚ್ಚುವುದಿಲ್ಲ. ಆದಾಯವೂ ಹೊಣೆಯೂ ಒಂದೇ ಕೈಗೆ ಬರುತ್ತವೆಯೇ ಎಂಬುದನ್ನು ತೆರಿಗೆ ಕಟ್ಟುವ ನಾವು ಕೇಳಬೇಕು. 1997ರಲ್ಲಿಯೇ ಬೆಂಗಳೂರು ಮಹಾನಗರ ಪಾಲಿಕೆ 125 ಕೋಟಿ ರೂಪಾಯಿಗಳ ಬಾಂಡ್ ಹೊರಡಿಸಿ, ನಗರವೊಂದು ತನ್ನ ಹೆಸರಿನಲ್ಲಿ ಮಾರುಕಟ್ಟೆಯಿಂದ ಸಾಲ ತರಬಹುದೆಂದು ತೋರಿಸಿತ್ತು. ಅದಕ್ಕೂ ರಾಜ್ಯ ಸರಕಾರದ ಖಾತರಿ ಬೇಕಾಯಿತೆಂಬುದು ಬೇರೆ ಮಾತು.

ಸರಕಾರದತ್ತ ಬೆರಳು ತೋರಿಸುವಾಗ ನಮ್ಮ ಹೊಣೆಯನ್ನೂ ಮರೆಯುವಂತಿಲ್ಲ. ಆಸ್ತಿ ತೆರಿಗೆ, ಉದ್ದಿಮೆ ಪರವಾನಗಿ ಶುಲ್ಕ, ಕಸದ ಕರಗಳ ಬಗ್ಗೆ ಮನವಿಪತ್ರ ಕೊಡುವುದರಲ್ಲಿ ವಾಣಿಜ್ಯ ಸಮುದಾಯ ಹಿಂದೆ ಬಿದ್ದಿಲ್ಲ. ಆದರೆ ಅದೇ ಪಾಲಿಕೆಗೆ ಸ್ಪರ್ಧಿಸುವ, ಅದರ ಲೆಕ್ಕಪತ್ರಗಳನ್ನು ಓದುವ, ವಾರ್ಡ್ ಸಮಿತಿಯಲ್ಲಿ ಕುಳಿತುಕೊಳ್ಳುವ ಉದ್ಯಮಿಗಳು ಎಷ್ಟು ಮಂದಿ? ತೆರಿಗೆ ಏರದಿದ್ದರೆ ಸಾಕು, ಬೇರೇನೂ ಆಗದಿದ್ದರೂ ಚಿಂತೆಯಿಲ್ಲವೆಂದ ಆ 'ಮಿತವ್ಯಯಿ'ಗಳ ಧ್ವನಿ ನಮ್ಮ ಸಭೆಗಳಲ್ಲಿಯೂ ಕೇಳಿಸುವುದಿಲ್ಲವೇ? ರಸ್ತೆ ಕೆಟ್ಟು ಲಾರಿಯ ಆಕ್ಸಲ್ ಮುರಿದಾಗ, ಕೈಗಾರಿಕಾ ಪ್ರದೇಶದಲ್ಲಿ ಟ್ಯಾಂಕರ್ ನೀರಿಗೆ ಹಣ ತೆತ್ತಾಗ, ಉಳಿಸಿದ ತೆರಿಗೆಗಿಂತ ಹೆಚ್ಚು ನಮ್ಮ ಜೇಬಿನಿಂದಲೇ ಹೋಗಿರುತ್ತದೆ.

ಆದುದರಿಂದ ಜಿಲ್ಲಾ ಮತ್ತು ತಾಲ್ಲೂಕು ಮಟ್ಟದ ವಾಣಿಜ್ಯ ಸಂಸ್ಥೆಗಳು ಪರಿಶೀಲಿಸಬಹುದಾದ ಎರಡು ಸಲಹೆಗಳನ್ನು ಇಲ್ಲಿ ಮುಂದಿಡಲಾಗಿದೆ. ಮೊದಲನೆಯದಾಗಿ, ನೂತನ ಮೇಯರ್ ಅಥವಾ ನಗರಸಭಾಧ್ಯಕ್ಷರನ್ನು ಅಧಿಕಾರ ವಹಿಸಿಕೊಂಡಾಗ ಚರ್ಚೆಗೆ ಕರೆಯೋಣ. ಅವಧಿಯಲ್ಲಿ ಮುಗಿಸುವ ಮೂರು ಕಾರ್ಯಗಳನ್ನು, ಅವಕ್ಕೆ ಹಣ ಎಲ್ಲಿಂದ ಎಂಬುದನ್ನು ಅವರಿಂದಲೇ ಕೇಳಿ ದಾಖಲಿಸೋಣ. ಶಾಲು ಹಾರಗಳನ್ನು ಅವಧಿ ಮುಗಿದ ದಿನಕ್ಕೆ ಎತ್ತಿಡೋಣ. ಎರಡನೆಯದಾಗಿ, ಪ್ರತಿ ಸಂಸ್ಥೆಯೂ ತನ್ನ ಊರಿನ ಪಾಲಿಕೆಯ ಆಯವ್ಯಯವನ್ನು ಅಧ್ಯಯನ ಮಾಡುವ ಚಿಕ್ಕ ಸಮಿತಿಯೊಂದನ್ನು ರಚಿಸಿ, ನೀರಿನಲ್ಲಿ ಎಷ್ಟು ನಷ್ಟ, ಬಾಡಿಗೆ ಮಳಿಗೆಗಳಿಂದ ಎಷ್ಟು ಆದಾಯ, ಗುತ್ತಿಗೆ ಮುಗಿದ ಆಸ್ತಿ ಯಾವುದು ಎಂಬುದನ್ನು ಸದಸ್ಯರ ಮುಂದಿಡಲಿ. ಅಂಗಡಿಯ ಲೆಕ್ಕ ಬರೆಯಬಲ್ಲವರಿಗೆ ಊರಿನ ಲೆಕ್ಕ ಓದುವುದು ಕಷ್ಟವಲ್ಲ.

ಹೀಗೆ ಅವಧಿ ಮುಗಿಸಿ ಲೆಕ್ಕ ಒಪ್ಪಿಸಿದ ಮೇಯರರೊಬ್ಬರು ನಮ್ಮ ವೇದಿಕೆಗೆ ಬಂದ ದಿನ ಹೊದಿಸುವ ಶಾಲಿಗೆ ನಿಜವಾದ ತೂಕವಿರುತ್ತದೆ. ಅಂಥವರು ನಮ್ಮ ಸದಸ್ಯ ಬಾಂಧವರಲ್ಲಿಯೇ ಒಬ್ಬರಾಗಿದ್ದರೆ ಇನ್ನೂ ಸಂತೋಷ.